ತೆರೆಯ ಮೇಲಣ ಚಲನೆ: ಅಲಂಕಾರ ಮತ್ತು ಅದರ ಮಿತಿ

ಗಣಕಯಂತ್ರದ ತೆರೆಯ ಮೇಲೆ ಒಂದು ವಿಂಡೋವನ್ನು ಮುಚ್ಚಿದಾಗ ಅದು ಸಾಮಾನ್ಯವಾಗಿ ಥಟ್ಟನೆ ಮಾಯವಾಗುವುದಿಲ್ಲ. ಸ್ವಲ್ಪ ಕುಗ್ಗುತ್ತದೆ, ಕೆಳಕ್ಕೆ ಜಾರುತ್ತದೆ, ಮಸುಕಾಗುತ್ತ ಹೋಗಿ ಯಾವುದೋ ಒಂದು ಚಿಕ್ಕ ಗುರುತಿನೊಳಗೆ ಅಡಗುತ್ತದೆ. ಮೊಬೈಲ್ ಫೋನಿನಲ್ಲಿ ಒಂದು ಪುಟ ಸರಿದು ಮತ್ತೊಂದು ಪುಟ ಬರುವಾಗಲೂ ಹೀಗೆಯೇ. ಇಷ್ಟೂ ನಡೆಯುವುದು ಸೆಕೆಂಡಿನ ಮೂರನೆಯ ಒಂದಂಶದೊಳಗೆ. ಆದಕಾರಣ ನಮ್ಮಲ್ಲಿ ಬಹುಮಂದಿ ಇದನ್ನು ಗಮನಿಸುವುದೇ ಇಲ್ಲ. ಸೂರ್ಯನು ಒಂದು ರಾಶಿಯಿಂದ ಇನ್ನೊಂದು ರಾಶಿಗೆ ಹೋಗುವುದನ್ನು ಸಂಕ್ರಮಣವೆನ್ನುತ್ತೇವಷ್ಟೆ. ತೆರೆಯು ಒಂದು ನೋಟದಿಂದ ಇನ್ನೊಂದು ನೋಟಕ್ಕೆ ಸಾಗುವ ಈ ನಡುವಣ ಚಲನೆಗೂ ಪ್ರಕೃತ ಲೇಖನದಲ್ಲಿ ‘ಸಂಕ್ರಮಣ’ ಎಂಬ ಹೆಸರನ್ನೇ ಬಳಸೋಣ.

ಈ ಸಂಕ್ರಮಣಗಳು ಬರಿಯ ಅಲಂಕಾರವೆ, ಅಥವಾ ಅವುಗಳಿಗೆ ಬೇರೆ ಪ್ರಯೋಜನವೇನಾದರೂ ಉಂಟೆ? ಇದನ್ನು ನಿರ್ಣಯಿಸಬೇಕಾದರೆ ಮೂರು ಸಂಗತಿಗಳನ್ನು ಅನುಕ್ರಮವಾಗಿ ವಿಚಾರ ಮಾಡಬೇಕು. ತೆರೆಯಲ್ಲಿ ಯಾವ ವಸ್ತುವೂ ಚಲಿಸದಿದ್ದರೂ ಚಲನೆ ಕಾಣುವುದೇಕೆ? ಕೆಲವು ಚಲನೆಗಳು ಸಹಜವಾಗಿಯೂ ಕೆಲವು ಒರಟಾಗಿಯೂ ತೋರುವುದೇಕೆ? ಈ ಅಲಂಕಾರಕ್ಕೆ ಮಿತಿ ಎಲ್ಲಿ? ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ಪ್ರೌಢಶಾಲೆಯ ಭೌತವಿಜ್ಞಾನದ ಪಾಠಗಳಲ್ಲಿಯೇ ಇದೆಯೆಂಬುದನ್ನು ವಿದ್ಯಾರ್ಥಿಗಳು ಮುಂದೆ ಕಾಣುವರು.

ಚಲಿಸದ ಚಲನೆ

ಸಾಮಾನ್ಯವಾದ ತೆರೆಯೊಂದು ಸೆಕೆಂಡಿಗೆ ೬೦ ಸಾರಿ ಹೊಸ ಚಿತ್ರವನ್ನು ತೋರಿಸುತ್ತದೆ. ಎಂದರೆ ಒಂದೊಂದು ಚಿತ್ರವೂ ನಿಲ್ಲುವುದು ಸೆಕೆಂಡಿನ ಸಾವಿರದಲ್ಲಿ ಸುಮಾರು ೧೬.೭ ಅಂಶಗಳ ಕಾಲ ಮಾತ್ರ. ಪ್ರತಿಯೊಂದು ಚಿತ್ರವೂ ಸ್ಥಿರವಾದುದು. ಪಿಕ್ಸೆಲ್ ಎಂದು ಕರೆಯುವ ಬೆಳಕಿನ ಚುಕ್ಕೆಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಇದ್ದು ಬಣ್ಣವನ್ನೂ ಪ್ರಕಾಶವನ್ನೂ ಬದಲಿಸುತ್ತವೆಯೇ ಹೊರತು ಯಾವ ಚುಕ್ಕೆಯೂ ಅತ್ತಿತ್ತ ಸರಿಯುವುದಿಲ್ಲ.

ಕಣ್ಣಿನಲ್ಲಿ ಹಿಂದಿನ ಚಿತ್ರದ ಗುರುತು ಸ್ವಲ್ಪ ಹೊತ್ತು ಉಳಿಯುವುದರಿಂದ ಚಲನೆ ಕಾಣುತ್ತದೆ ಎಂದು ಅನೇಕ ಪುಸ್ತಕಗಳಲ್ಲಿ ಬರೆದಿರುತ್ತದೆ. ಈ ವಿವರಣೆ ಸಾಲದು. ಗುರುತು ಉಳಿಯುವುದೊಂದೇ ಕಾರಣವಾಗಿದ್ದರೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಬೇಕಾಗಿತ್ತು. ೧೯೧೨ರಲ್ಲಿ ಜರ್ಮನಿಯ ಮಾಕ್ಸ್ ವರ್ತ್‌ಹೈಮರ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯವನ್ನು ಸ್ಪಷ್ಟಪಡಿಸಿದವು. ಆತನು ಎರಡು ಗೆರೆಗಳನ್ನು ಬೇರೆ ಬೇರೆ ಸ್ಥಾನಗಳಲ್ಲಿ ಒಂದಾದಮೇಲೊಂದರಂತೆ ತೋರಿಸಿದನು. ನಡುವಣ ಅಂತರ ಸೆಕೆಂಡಿನ ಐದನೆಯ ಒಂದಂಶದಷ್ಟಿದ್ದಾಗ ನೋಡುವವರಿಗೆ ಎರಡು ಪ್ರತ್ಯೇಕ ಗೆರೆಗಳು ಕಂಡವು. ಅಂತರವನ್ನು ಸೆಕೆಂಡಿನ ನೂರರಲ್ಲಿ ಮೂರು ಅಂಶಗಳಿಗೆ ಇಳಿಸಿದಾಗ ಎರಡೂ ಒಟ್ಟಿಗೆ ಬೆಳಗಿದಂತೆ ತೋರಿದವು. ಇವೆರಡರ ನಡುವೆ, ಸುಮಾರು ನೂರರಲ್ಲಿ ಆರು ಅಂಶಗಳಷ್ಟಿದ್ದಾಗ, ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಂಡಿತು. ಚಲನೆಯನ್ನು ಕಟ್ಟುವುದು ಕಣ್ಣು ಮತ್ತು ಮಿದುಳುಗಳ ಜಂಟಿ ಕಾರ್ಯವೆಂದು ಇದರಿಂದ ತಿಳಿಯುತ್ತದೆ. ತೆರೆಯು ಸುಳಿವುಗಳನ್ನು ಒದಗಿಸುತ್ತದೆ; ಚಲಿಸುವ ವಸ್ತುವನ್ನು ಊಹಿಸುವವರು ನಾವು.

ಸಂಕ್ರಮಣದ ಪ್ರಯೋಜನ

ಹೀಗೆ ಊಹಿಸುವ ಶಕ್ತಿಗೆ ಸುಳಿವು ಸಿಗದಿದ್ದರೆ ಏನಾಗುವುದು? ೧೯೯೭ರಲ್ಲಿ ರೊನಾಲ್ಡ್ ರೆನ್ಸಿಂಕ್ ಮತ್ತು ಸಂಗಡಿಗರು ಒಂದೇ ದೃಶ್ಯದ ಎರಡು ಛಾಯಾಚಿತ್ರಗಳನ್ನು ಸರದಿಯಂತೆ ತೋರಿಸಿದರು. ಎರಡನೆಯದರಲ್ಲಿ ಒಂದು ವಸ್ತುವನ್ನು ತೆಗೆದುಹಾಕಿಯೋ ಬಣ್ಣವನ್ನು ಬದಲಿಸಿಯೋ ಇತ್ತು. ಚಿತ್ರಗಳ ನಡುವೆ ಸೆಕೆಂಡಿನ ನೂರರಲ್ಲಿ ಎಂಟು ಅಂಶಗಳಷ್ಟು ಕಾಲ ಬರಿದಾದ ತೆರೆ. ಆಶ್ಚರ್ಯವೇನೆಂದರೆ, ದೊಡ್ಡ ಬದಲಾವಣೆಗಳನ್ನು ಕೂಡ ನೋಡುವವರು ಬಹಳ ಹೊತ್ತು ಕಂಡುಹಿಡಿಯಲಾರದೆ ಹೋದರು. ಬರಿದಾದ ತೆರೆಯನ್ನು ತೆಗೆದಾಗ ಬದಲಾವಣೆ ತಟ್ಟನೆ ಕಣ್ಣಿಗೆ ಬಿತ್ತು. ಎಂದರೆ, ಇಡೀ ನೋಟವೇ ಒಮ್ಮೆಲೇ ಬದಲಾದರೆ ಏನು ಎಲ್ಲಿಗೆ ಹೋಯಿತೆಂಬುದು ನಮಗೆ ತಿಳಿಯುವುದಿಲ್ಲ.

ತೆರೆಗಳನ್ನು ರೂಪಿಸಿದವರಿಗೆ ಈ ತೊಂದರೆ ಮೊದಲಿನಿಂದಲೂ ತಿಳಿದಿತ್ತು. ೧೯೮೪ರ ಮ್ಯಾಕಿಂಟಾಷ್ ಯಂತ್ರದಲ್ಲಿ ಒಂದು ಗುರುತನ್ನು ತೆರೆದರೆ, ಆ ಗುರುತಿನಿಂದ ವಿಂಡೋವಿನವರೆಗೆ ಹಿಗ್ಗುತ್ತ ಹೋಗುವ ಕೆಲವು ಆಯತಗಳ ಹೊರಗೆರೆಗಳು ಮಿಂಚಿ ಮರೆಯಾಗುತ್ತಿದ್ದುವು. ವಿಂಡೋವನ್ನು ಸಂಪೂರ್ಣವಾಗಿ ಚಲಿಸುವಂತೆ ಬಿಡಿಸುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಆದರೂ ಇದು ಇಲ್ಲಿಂದಲೇ ಹುಟ್ಟಿತೆಂದು ತಿಳಿಸಲು ನಾಲ್ಕಾರು ಆಯತಗಳೇ ಸಾಕಾದವು. ೨೦೦೦ದ ಜನವರಿಯಲ್ಲಿ ಪ್ರದರ್ಶಿತವಾಗಿ ೨೦೦೧ರ ಮಾರ್ಚಿಯಲ್ಲಿ ಜನರ ಕೈಸೇರಿದ ಮ್ಯಾಕ್ ಓಎಸ್ ಟೆನ್ ಎಂಬ ವ್ಯವಸ್ಥೆಯಲ್ಲಿ ಇದೇ ಭಾವನೆ ವೈಭವದಿಂದ ಮೂಡಿತು. ಅರಬ್ಬೀ ಕಥೆಗಳ ಭೂತವು ದೀಪದೊಳಕ್ಕೆ ಹೊಗೆಯಾಗಿ ಸೇರಿಕೊಳ್ಳುವಂತೆ, ಮಡಿಸಿದ ವಿಂಡೋ ಬಳುಕಿ, ಕಿರಿದಾಗಿ, ತೆರೆಯ ಅಂಚಿನ ಸಾಲಿನೊಳಕ್ಕೆ ಸುರಿದುಹೋಗುತ್ತಿತ್ತು. ಇದು ಅಲಂಕಾರವೇ ಸರಿ. ಆದರೆ ವಿಂಡೋ ಎಲ್ಲಿ ಅಡಗಿತು, ಮತ್ತೆ ಬೇಕಾದಾಗ ಎಲ್ಲಿ ಹುಡುಕಬೇಕು ಎಂಬುದನ್ನೂ ಅದು ಮಾತಿಲ್ಲದೆ ಹೇಳುತ್ತಿತ್ತು.

ಗೆಲಿಲಿಯೊನ ಬೆಸಸಂಖ್ಯೆಗಳು

ಈಗ ಎರಡನೆಯ ಪ್ರಶ್ನೆಗೆ ಬರೋಣ. ಒಂದು ವಿಂಡೋ ಎಡದಿಂದ ಬಲಕ್ಕೆ ೩೬೦ ಪಿಕ್ಸೆಲ್‌ಗಳ ದೂರವನ್ನು ಸೆಕೆಂಡಿನ ಐದನೆಯ ಒಂದಂಶದಲ್ಲಿ ಸಾಗಬೇಕೆಂದು ಭಾವಿಸಿರಿ. ಸೆಕೆಂಡಿಗೆ ೬೦ ಚಿತ್ರಗಳಾದರೆ ಈ ಅವಧಿಯಲ್ಲಿ ೧೨ ಹೆಜ್ಜೆಗಳು ದೊರೆಯುತ್ತವೆ. ಸುಲಭವಾದ ಮಾರ್ಗವೆಂದರೆ ಹೆಜ್ಜೆಗೆ ೩೦ ಪಿಕ್ಸೆಲ್‌ಗಳಂತೆ ಸಮನಾಗಿ ಹಂಚುವುದು. ಹಾಗೆ ಮಾಡಿ ನೋಡಿದರೆ ಚಲನೆ ಕಟ್ಟಿಗೆಯಂತೆ ಬಿರುಸಾಗಿ ತೋರುವುದು. ಏಕೆ?

ರಥೋತ್ಸವದಲ್ಲಿ ತೇರನ್ನು ಎಳೆಯುವುದನ್ನು ನೆನೆದುಕೊಳ್ಳಿರಿ. ಹಗ್ಗ ಬಿಗಿದು ನೂರಾರು ಜನ ಎಳೆದರೂ ತೇರು ಮೊದಲು ಮೆಲ್ಲನೆ ಕದಲುತ್ತದೆ, ಅನಂತರ ವೇಗವನ್ನು ಪಡೆಯುತ್ತದೆ. ನಿಲ್ಲುವಾಗಲೂ ಕ್ರಮವಾಗಿಯೇ ನಿಲ್ಲುತ್ತದೆ. ರಾಶಿಯುಳ್ಳ ಯಾವ ವಸ್ತುವೂ ತನ್ನ ವೇಗವನ್ನು ಒಂದೇ ಕ್ಷಣದಲ್ಲಿ ಬದಲಿಸಲಾರದು. ಹಾಗೆ ಬದಲಿಸಬೇಕಾದರೆ ಅಪರಿಮಿತವಾದ ಬಲ ಬೇಕು. ಸಮವೇಗದ ವಿಂಡೋವಾದರೋ ನಿಂತಲ್ಲಿಂದ ಒಮ್ಮೆಲೇ ಪೂರ್ಣವೇಗಕ್ಕೆ ಏರಿ, ಗೋಡೆಗೆ ಬಡಿದಂತೆ ನಿಲ್ಲುತ್ತದೆ. ತೆರೆಯ ಮೇಲಣ ವಿಂಡೋವಿಗೆ ರಾಶಿಯಿಲ್ಲ ನಿಜ. ಆದರೆ ನೋಡುವ ಕಣ್ಣು ರಾಶಿಯುಳ್ಳ ವಸ್ತುಗಳ ನಡುವೆಯೇ ಬೆಳೆದುದು.

ಆದ್ದರಿಂದ ಮೊದಲ ಅರ್ಧ ದೂರವನ್ನು ಸಮ ವೇಗೋತ್ಕರ್ಷದಿಂದಲೂ ಉಳಿದರ್ಧವನ್ನು ಅಷ್ಟೇ ಪ್ರಮಾಣದ ವೇಗಾಪಕರ್ಷದಿಂದಲೂ ಸಾಗಿಸೋಣ. ನಿಶ್ಚಲ ಸ್ಥಿತಿಯಿಂದ ಹೊರಟ ವಸ್ತು ಸಾಗಿದ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿರುವುದೆಂಬುದು ತಿಳಿದಿದೆಯಷ್ಟೆ. ೬ ಹೆಜ್ಜೆಗಳಲ್ಲಿ ೧೮೦ ಪಿಕ್ಸೆಲ್ ಸಾಗಬೇಕಾದರೆ, ೬ರ ವರ್ಗ ೩೬. ೧೮೦ನ್ನು ೩೬ರಿಂದ ಭಾಗಿಸಿದರೆ ೫. ಆದುದರಿಂದ ವಿಂಡೋವಿನ ಸ್ಥಾನಗಳು ಅನುಕ್ರಮವಾಗಿ ೫, ೨೦, ೪೫, ೮೦, ೧೨೫, ೧೮೦ ಆಗುತ್ತವೆ. ಅಲ್ಲಿಂದ ಮುಂದೆ ಇದರ ಪ್ರತಿಬಿಂಬ: ೨೩೫, ೨೮೦, ೩೧೫, ೩೪೦, ೩೫೫, ೩೬೦.

ಈಗ ಒಂದೊಂದು ಹೆಜ್ಜೆಯ ಉದ್ದವನ್ನು ಕಳೆದು ನೋಡಿರಿ. ಮೊದಲರ್ಧದಲ್ಲಿ ೫, ೧೫, ೨೫, ೩೫, ೪೫, ೫೫. ಎಲ್ಲವನ್ನೂ ೫ರಿಂದ ಭಾಗಿಸಿದರೆ ೧, ೩, ೫, ೭, ೯, ೧೧! ಸಮಾನ ಕಾಲಾಂತರಗಳಲ್ಲಿ ಬೀಳುವ ವಸ್ತು ಸಾಗುವ ದೂರಗಳು ಬೆಸಸಂಖ್ಯೆಗಳ ಅನುಪಾತದಲ್ಲಿರುತ್ತವೆಂದು ಗೆಲಿಲಿಯೊ ೧೬೩೮ರ ತನ್ನ ಗ್ರಂಥದಲ್ಲಿ ನಿರೂಪಿಸಿದ ನಿಯಮವೇ ಇದು. ಇಳಿಜಾರಿನ ಮೇಲೆ ಉರುಳಿದ ಗುಂಡಿನ ನಿಯಮ ಗಾಜಿನ ತೆರೆಯ ಮೇಲಣ ಅಲಂಕಾರಕ್ಕೂ ಸಲ್ಲುತ್ತಿದೆ.

ವ್ಯಂಗ್ಯಚಿತ್ರಗಳನ್ನು ಚಲಿಸುವಂತೆ ಮಾಡಿದ ಕಲಾವಿದರು ಇದನ್ನು ಸಮೀಕರಣಗಳಿಲ್ಲದೆಯೇ ಅರಿತಿದ್ದರು. ಚಲನೆಯ ಆದಿ ಮತ್ತು ಅಂತ್ಯಗಳಲ್ಲಿ ಚಿತ್ರಗಳನ್ನು ಒತ್ತಾಗಿಯೂ ನಡುವೆ ವಿರಳವಾಗಿಯೂ ಬರೆಯಬೇಕೆಂಬುದು ಡಿಸ್ನಿ ಚಿತ್ರಶಾಲೆಯ ಅನುಭವ. ಅಲ್ಲಿನ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ಎಂಬವರು ೧೯೮೧ರಲ್ಲಿ ಪ್ರಕಟಿಸಿದ ಗ್ರಂಥದ ಹನ್ನೆರಡು ಸೂತ್ರಗಳಲ್ಲಿ ಇದೂ ಒಂದು. ೧೯೮೭ರಲ್ಲಿ ಜಾನ್ ಲ್ಯಾಸೆಟರ್ ಈ ಸೂತ್ರಗಳನ್ನು ಗಣಕಚಿತ್ರಗಳಿಗೆ ಅನ್ವಯಿಸಿದನು; ೧೯೯೩ರಲ್ಲಿ ಬೇ ವೇ ಚಾಂಗ್ ಮತ್ತು ಡೇವಿಡ್ ಉಂಗರ್ ಎಂಬವರು ದಿನಬಳಕೆಯ ತೆರೆಯ ವಿಂಡೋಗಳಿಗೂ ಅವನ್ನು ಅಳವಡಿಸಬಹುದೆಂದು ತೋರಿಸಿದರು.

ಮನೆಯಲ್ಲಿ ಮಾಡಬಹುದಾದ ಪ್ರಯೋಗ

ಇದನ್ನು ಪರೀಕ್ಷಿಸಲು ಗಣಕಯಂತ್ರವೇ ಬೇಕಾಗಿಲ್ಲ. ದಪ್ಪ ಹಾಳೆಗಳ ಒಂದು ನೋಟುಪುಸ್ತಕವನ್ನು ತೆಗೆದುಕೊಳ್ಳಿರಿ. ಅನುಕ್ರಮವಾದ ೧೩ ಹಾಳೆಗಳ ಹೊರ ಅಂಚಿನ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ, ಒಂದೊಂದು ಕಪ್ಪು ಚುಕ್ಕೆಯನ್ನು ಇಡಿರಿ. ಮೊದಲ ಹಾಳೆಯ ಚುಕ್ಕೆಯಿಂದ ಎಣಿಸಿ ಪ್ರತಿ ಹಾಳೆಯಲ್ಲಿಯೂ ಚುಕ್ಕೆ ೬ ಮಿಲಿಮೀಟರ್ ಕೆಳಗಿರಲಿ. ಕೊನೆಯ ಚುಕ್ಕೆ ೭೨ ಮಿಲಿಮೀಟರ್ ದೂರದಲ್ಲಿ ನಿಲ್ಲುವುದು. ಇನ್ನೂ ೧೩ ಹಾಳೆಗಳಲ್ಲಿ ಹೆಜ್ಜೆಗಳನ್ನು ೧, ೩, ೫, ೭, ೯, ೧೧, ೧೧, ೯, ೭, ೫, ೩, ೧ ಮಿಲಿಮೀಟರ್‌ಗಳಂತೆ ಇರಿಸಿರಿ. ಇವುಗಳ ಮೊತ್ತವೂ ೭೨ ಆಗಿರುವುದನ್ನು ಕೂಡಿಸಿ ನೋಡಿರಿ. ಈಗ ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟು ಎರಡನ್ನೂ ಹೋಲಿಸಿರಿ. ದೂರ ಒಂದೇ, ಹಾಳೆಗಳ ಸಂಖ್ಯೆ ಒಂದೇ. ಆದರೂ ಮೊದಲನೆಯದರಲ್ಲಿ ಚುಕ್ಕೆಯನ್ನು ಯಾರೋ ಎತ್ತಿಟ್ಟಂತೆಯೂ ಎರಡನೆಯದರಲ್ಲಿ ಅದು ತಾನಾಗಿಯೇ ಸಾಗಿದಂತೆಯೂ ತೋರುವುದು.

ನಾಲ್ಕು ಸಂಖ್ಯೆಗಳ ವಕ್ರರೇಖೆ

ಸಂಕ್ರಮಣಗಳನ್ನು ರಚಿಸುವವರು ಪ್ರತಿಯೊಂದು ಹೆಜ್ಜೆಯನ್ನೂ ಲೆಕ್ಕಹಾಕುತ್ತ ಕೂಡುವುದಿಲ್ಲ. ಅಡ್ಡಲಾಗಿ ಕಾಲವನ್ನೂ ನೇರವಾಗಿ ಸಾಗಿದ ದೂರವನ್ನೂ ಗುರುತಿಸಿದ ಒಂದು ನಕ್ಷೆಯನ್ನು ಬರೆದುಕೊಳ್ಳುತ್ತಾರೆ. ಎರಡೂ ೦ಯಿಂದ ೧ರವರೆಗೆ. ಆರಂಭ ಮತ್ತು ಅಂತ್ಯದ ಬಿಂದುಗಳು ನಿಶ್ಚಿತವಾದವು. ನಡುವೆ ಇನ್ನೆರಡು ಬಿಂದುಗಳನ್ನು ಆರಿಸಿಕೊಂಡರೆ ಅವು ಆಯಸ್ಕಾಂತಗಳಂತೆ ವಕ್ರರೇಖೆಯನ್ನು ತಮ್ಮೆಡೆಗೆ ಸೆಳೆಯುತ್ತವೆ. ಎರಡು ಬಿಂದುಗಳಿಗೆ ನಾಲ್ಕು ಸಂಖ್ಯೆಗಳು. ಚಲನೆಯ ಸ್ವಭಾವವೆಲ್ಲ ಆ ನಾಲ್ಕರಲ್ಲಿಯೇ ಅಡಗಿರುತ್ತದೆ. ಈ ರೇಖೆಗಳ ಹುಟ್ಟು ಮೋಟಾರು ಕಾರುಗಳ ಕಾರ್ಖಾನೆಯಲ್ಲಿ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯಲ್ಲಿ ಪಾಲ್ ದ ಕಾಸ್ತೆಲ್ಜೊ ೧೯೫೯ರಲ್ಲಿ, ರೆನೊ ಸಂಸ್ಥೆಯಲ್ಲಿ ಪಿಯರ್ ಬೆಜಿಯೆ ೧೯೬೦ರ ದಶಕದಲ್ಲಿ, ಕಾರಿನ ಮೈಯ ಬಾಗುಗಳನ್ನು ಗಣಿತದಿಂದ ವರ್ಣಿಸಲು ಇವನ್ನು ರೂಪಿಸಿದರು. ಇವಕ್ಕೆ ಬೆಜಿಯೆ ರೇಖೆಗಳೆಂದೇ ಹೆಸರು.

ಜಾಲಪುಟಗಳ ಚಲನೆಗೆ ರಚನೆಕಾರನು ಬೇರೇನನ್ನೂ ಸೂಚಿಸದಿದ್ದರೆ ಬಳಕೆಯಾಗುವ ರೇಖೆಯ ಬಿಂದುಗಳು (೦.೨೫, ೦.೧) ಮತ್ತು (೦.೨೫, ೧). ಇದರ ಅರ್ಥವನ್ನು ಓದುವುದು ಕಷ್ಟವಲ್ಲ. ಕಾಲ-ದೂರಗಳ ನಕ್ಷೆಯಲ್ಲಿ ರೇಖೆಯ ಓಟವೇ ವೇಗ. ಆರಂಭದಲ್ಲಿ ರೇಖೆ ಮೊದಲ ಬಿಂದುವಿನ ದಿಕ್ಕಿಗೆ ಹೊರಡುವುದರಿಂದ, ೦.೧ನ್ನು ೦.೨೫ರಿಂದ ಭಾಗಿಸಿದರೆ ೦.೪, ಎಂದರೆ ಚಲನೆಯು ಸರಾಸರಿ ವೇಗದ ಹತ್ತರಲ್ಲಿ ನಾಲ್ಕು ಪಾಲಿನಿಂದ ತೊಡಗುತ್ತದೆ. ಕೊನೆಯಲ್ಲಿ ರೇಖೆ ಅಡ್ಡಲಾಗಿ ಮಲಗುವುದರಿಂದ ವೇಗ ಸೊನ್ನೆಗೆ ಇಳಿಯುತ್ತದೆ. ಬೇಗ ಹೊರಟರೆ ಬೆರಳಿನ ಆಜ್ಞೆಗೆ ಒಡನೆಯೇ ಉತ್ತರ ಬಂದಂತಾಗುವುದು. ನಿಧಾನವಾಗಿ ನಿಂತರೆ ವಸ್ತು ಎಲ್ಲಿ ನೆಲೆಸಿತೆಂಬುದನ್ನು ಕಣ್ಣು ಹಿಡಿಯಬಲ್ಲುದು.

ಸ್ಪ್ರಿಂಗು ಮತ್ತು ಗ್ಯಾಲ್ವನೋಮೀಟರು

ಇನ್ನೊಂದು ಬಗೆಯ ಸಂಕ್ರಮಣದಲ್ಲಿ ವಿಂಡೋವನ್ನು ಅದರ ಗುರಿಗೆ ಕಲ್ಪಿತವಾದ ಒಂದು ಸ್ಪ್ರಿಂಗಿನಿಂದ ಕಟ್ಟಿರುತ್ತಾರೆ. ಸ್ಪ್ರಿಂಗು ಮಾತ್ರವೇ ಇದ್ದರೆ ವಿಂಡೋ ಉಯ್ಯಾಲೆಯಂತೆ ಎಂದೆಂದಿಗೂ ಆಡುತ್ತಿರಬೇಕಾಗುವುದು. ಆದ್ದರಿಂದ ವೇಗಕ್ಕೆ ಅನುಪಾತದಲ್ಲಿರುವ ಒಂದು ತಡೆಯನ್ನೂ ಸೇರಿಸುತ್ತಾರೆ. ಇದೇ ಅವಮಂದನ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮೀಟರನ್ನು ಬಳಸಿದ ವಿದ್ಯಾರ್ಥಿಗಳು ಇದನ್ನು ಬಲ್ಲರು. ತಡೆ ಕಡಿಮೆಯಿದ್ದರೆ ಮುಳ್ಳು ಗುರಿಯನ್ನು ದಾಟಿ ಹಿಂದೆ ಮುಂದೆ ಓಲಾಡುತ್ತದೆ. ತಡೆ ವಿಪರೀತವಾದರೆ ತೆವಳುತ್ತ ಬರುತ್ತದೆ. ಇವೆರಡರ ಗಡಿಯಲ್ಲಿ, ಓಲಾಡದೆ ಸಾಧ್ಯವಾದಷ್ಟು ಬೇಗ ನೆಲೆಗೆ ಬರುವ ಸ್ಥಿತಿಗೆ ಕ್ರಾಂತಿಕ ಅವಮಂದನವೆಂದು ಹೆಸರು. ತಡೆಯ ಅಂಕದ ವರ್ಗವು ರಾಶಿ ಮತ್ತು ಸ್ಪ್ರಿಂಗಿನ ಬಲಾಂಕಗಳ ಗುಣಲಬ್ಧದ ನಾಲ್ಕರಷ್ಟಾದಾಗ ಈ ಸ್ಥಿತಿ ಒದಗುತ್ತದೆ.

ತಡೆಯನ್ನು ಈ ಕ್ರಾಂತಿಕ ಮೌಲ್ಯದ ಅರ್ಧಕ್ಕೆ ಇಳಿಸಿದರೆ ವಸ್ತು ಗುರಿಯನ್ನು ನೂರಕ್ಕೆ ಸುಮಾರು ೧೬ರಷ್ಟು ದಾಟಿ ಹಿಂತಿರುಗುತ್ತದೆ. ಹತ್ತರಲ್ಲಿ ಏಳು ಪಾಲಿಗೆ ಇಳಿಸಿದರೆ ದಾಟುವುದು ನೂರಕ್ಕೆ ೫ಕ್ಕಿಂತ ಕಡಿಮೆ. ಹೀಗೆ ಒಂದೇ ಅಂಕವನ್ನು ಬದಲಿಸುವುದರಿಂದ ಗಂಭೀರವಾದ ಚಲನೆಯನ್ನು ಚೆಲ್ಲಾಟವನ್ನಾಗಿ ಮಾಡಬಹುದು.

ಈ ಚೆಲ್ಲಾಟದ ಪರಮಾವಧಿಯನ್ನು ಲಿನಕ್ಸ್ ಯಂತ್ರಗಳಿಗಾಗಿ ೨೦೦೬ರಲ್ಲಿ ಹೊರಬಂದ ಕಾಂಪಿಜ್ ಎಂಬ ತಂತ್ರಾಂಶದಲ್ಲಿ ಕಾಣಬಹುದಾಗಿತ್ತು. ಅದರಲ್ಲಿ ವಿಂಡೋವನ್ನು ಅಡ್ಡ ನಾಲ್ಕು, ಉದ್ದ ನಾಲ್ಕು, ಹೀಗೆ ೧೬ ರಾಶಿಗಳ ಜಾಲವೆಂದು ಭಾವಿಸಿ ಅವುಗಳನ್ನು ಸ್ಪ್ರಿಂಗುಗಳಿಂದ ಜೋಡಿಸಿದ್ದರು. ವಿಂಡೋವನ್ನು ಹಿಡಿದೆಳೆದರೆ ಅದು ಒದ್ದೆಯ ಬಟ್ಟೆಯಂತೆ ಬಳುಕುತ್ತಿತ್ತು. ತೆರೆಯೇ ಒಂದು ಘನವಾಗಿ ತಿರುಗಿ, ತನ್ನ ನಾಲ್ಕು ಮುಖಗಳಲ್ಲಿ ನಾಲ್ಕು ಕೆಲಸದ ಮೇಜುಗಳನ್ನು ತೋರಿಸುವ ಏರ್ಪಾಡೂ ಇತ್ತು. ಈ ವರ್ಗದ ತಂತ್ರಾಂಶಗಳಲ್ಲಿಯೇ, ಮುಚ್ಚಿದ ವಿಂಡೋ ಬೆಂಕಿ ಹತ್ತಿ ಉರಿದುಹೋಗುವ ಸಂಕ್ರಮಣವೂ ಇತ್ತು. ಇವೆರಡರ ಭೇದವನ್ನು ಗಮನಿಸಿರಿ. ತಿರುಗುವ ಘನವು ಯಾವ ಮೇಜಿನ ಪಕ್ಕದಲ್ಲಿ ಯಾವುದಿದೆಯೆಂದು ಕಲಿಸುತ್ತದೆ. ಉರಿಯುವ ವಿಂಡೋ ನೋಡಲು ಸೊಗಸು. ಆದರೆ ಅದು ತಿಳಿಸುವುದು, ವಿಂಡೋ ಮುಚ್ಚಿತೆಂಬ ನಮಗಾಗಲೇ ತಿಳಿದ ಸಂಗತಿಯನ್ನು ಮಾತ್ರ. ಮೊದಲ ಸಲ ಬೆರಗು, ಹತ್ತನೆಯ ಸಲ ಅಭ್ಯಾಸ, ನೂರನೆಯ ಸಲ ಬೇಸರ.

ಅಲಂಕಾರದ ಬೆಲೆ

ಬೇಸರವೊಂದೇ ಆಗಿದ್ದರೆ ಅದನ್ನು ರುಚಿಯ ಪ್ರಶ್ನೆಯೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಬೆಲೆ ಎರಡು ಬಗೆಯಾಗಿ ತೆರಬೇಕಾಗುತ್ತದೆ.

ಮೊದಲನೆಯದು ಕಾಲ. ಕೀಲಿಯನ್ನು ಒತ್ತಿದಾಗ ಉತ್ತರವು ಸೆಕೆಂಡಿನ ಹತ್ತನೆಯ ಒಂದಂಶದೊಳಗೆ ಬರಬೇಕೆಂದು ರಾಬರ್ಟ್ ಮಿಲ್ಲರ್ ೧೯೬೮ರಲ್ಲಿಯೇ ಸೂಚಿಸಿದ್ದನು. ಒಬ್ಬನು ದಿನಕ್ಕೆ ೨೦೦ ಸಾರಿ ವಿಂಡೋಗಳನ್ನು ಬದಲಿಸುವನೆಂದೂ ಪ್ರತಿ ಸಂಕ್ರಮಣಕ್ಕೆ ಅರ್ಧ ಸೆಕೆಂಡು ಕಾಯುವನೆಂದೂ ಇಟ್ಟುಕೊಳ್ಳೋಣ. ದಿನಕ್ಕೆ ೧೦೦ ಸೆಕೆಂಡುಗಳಂತೆ ವರ್ಷಕ್ಕೆ ೩೬,೫೦೦ ಸೆಕೆಂಡುಗಳು. ಎಂದರೆ ಹತ್ತು ಗಂಟೆಗಳಿಗೂ ಹೆಚ್ಚು ಕಾಲ ಅಲಂಕಾರವನ್ನು ನೋಡುತ್ತ ಕಳೆದಂತಾಯಿತು. ಇದೇ ಸಂಕ್ರಮಣವನ್ನು ಸೆಕೆಂಡಿನ ಐದನೆಯ ಒಂದಂಶಕ್ಕೆ ಇಳಿಸಿದರೆ ನಷ್ಟ ನಾಲ್ಕು ಗಂಟೆಗಳ ಸುಮಾರಿಗೆ ತಗ್ಗುವುದು.

ಎರಡನೆಯದು ಹೆಚ್ಚು ಗಂಭೀರವಾದುದು. ಅದನ್ನು ತೆರುವುದು ದೇಹ. ನಮ್ಮ ಒಳಕಿವಿಯಲ್ಲಿ ಪರಸ್ಪರ ಸುಮಾರು ಲಂಬವಾಗಿರುವ ಮೂರು ಅರ್ಧವೃತ್ತನಾಳಗಳಿವೆ. ತಲೆ ತಿರುಗಿದಾಗ ಅವುಗಳೊಳಗಿನ ದ್ರವ ಜಡತ್ವದಿಂದ ಹಿಂದುಳಿಯುತ್ತದೆ. ಈ ಸುಳಿವಿನಿಂದ ಮಿದುಳು ದೇಹದ ಚಲನೆಯನ್ನು ಅರಿಯುತ್ತದೆ. ತೆರೆಯ ಮೇಲೆ ಇಡೀ ನೋಟವೇ ನಮ್ಮೆಡೆಗೆ ಧಾವಿಸಿ ಬಂದಾಗ ಕಣ್ಣು ‘ನಾವು ಚಲಿಸುತ್ತಿದ್ದೇವೆ’ ಎನ್ನುತ್ತದೆ. ಒಳಕಿವಿ ‘ಇಲ್ಲ, ಕುಳಿತಿದ್ದೇವೆ’ ಎನ್ನುತ್ತದೆ. ಈ ವಿರೋಧ ಬಹುಮಂದಿಗೆ ಬಾಧಕವಲ್ಲ. ಒಳಕಿವಿಯ ತೊಂದರೆಯುಳ್ಳವರಿಗಾದರೋ ತಲೆಸುತ್ತು, ವಾಕರಿಕೆ, ತಲೆನೋವುಗಳನ್ನು ತರಬಲ್ಲುದು. ೨೦೧೩ರ ಸೆಪ್ಟೆಂಬರಿನಲ್ಲಿ ಐಫೋನಿನ ಏಳನೆಯ ಆವೃತ್ತಿಯ ವ್ಯವಸ್ಥೆ ಹೊರಬಂದಾಗ, ನೋಟವೇ ಹಿಗ್ಗಿ ಕುಗ್ಗುವ ಅದರ ಸಂಕ್ರಮಣಗಳಿಂದ ಬಾಧೆಯಾಯಿತೆಂದು ಅನೇಕರು ಹೇಳಿಕೊಂಡರು. ಮುಂದಿನ ತಿಂಗಳ ತಿದ್ದುಪಡಿಯಲ್ಲಿ, ಚಲನೆಯನ್ನು ತಗ್ಗಿಸುವಂತೆ ಕೋರಿದವರಿಗೆ ಹಿಗ್ಗುವ ನೋಟದ ಬದಲು ಒಂದು ಚಿತ್ರ ಮಸುಕಾಗಿ ಇನ್ನೊಂದು ಮೂಡುವ ಏರ್ಪಾಡು ಬಂದಿತು. ಚಲನೆ ಕಡಿಮೆಯಿರಲಿ ಎಂಬ ಓದುಗನ ಇಚ್ಛೆಯನ್ನು ಜಾಲಪುಟಗಳೂ ಕೇಳಿ ತಿಳಿಯುವ ಸೌಕರ್ಯ ೨೦೧೭ರಿಂದ ಬಳಕೆಗೆ ಬಂದು, ಈಗ ಎಲ್ಲ ಪ್ರಮುಖ ಬ್ರೌಸರುಗಳಲ್ಲಿಯೂ ಇದೆ. ಸೌಕರ್ಯವಿದ್ದರೆ ಸಾಲದು, ಪುಟವನ್ನು ರಚಿಸುವವನು ಆ ಇಚ್ಛೆಯನ್ನು ಪಾಲಿಸುವಂತೆ ಬರೆಯಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಮುಂದೆ ಇಂಥ ಪುಟಗಳನ್ನು ರಚಿಸತಕ್ಕವರು. ಈ ಒಂದು ಮಾತನ್ನು ಅವರು ವಿಶೇಷವಾಗಿ ನೆನಪಿನಲ್ಲಿಡಬೇಕು.

ಇಷ್ಟರಿಂದ ನಮ್ಮ ನಿರ್ಣಯ ಸ್ಪಷ್ಟವಾಗುತ್ತದೆ. ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಕೊಡುವ ಸಂಕ್ರಮಣ ಒಳ್ಳೆಯದು. ಅದು ಜಡತ್ವದ ನಿಯಮವನ್ನು ಅನುಸರಿಸಿದರೆ ಸುಂದರವಾಗುತ್ತದೆ, ಚಿಕ್ಕದಾಗಿದ್ದರೆ ಸಹ್ಯವಾಗುತ್ತದೆ. ಬೇಡವೆಂದವನಿಗೆ ಅದನ್ನು ನಿಲ್ಲಿಸುವ ಅವಕಾಶವಿರಬೇಕು. ಇಲ್ಲವಾದರೆ ಉಳಿದ ಗುಣಗಳೆಲ್ಲ ಇದ್ದರೂ ಅದು ಕೆಲವರ ಪಾಲಿಗೆ ಪೀಡೆಯೇ.

ಅಭ್ಯಾಸ

೧. ಸೆಕೆಂಡಿಗೆ ೧೨೦ ಚಿತ್ರಗಳ ತೆರೆಯಲ್ಲಿ ಮೇಲೆ ಹೇಳಿದ ೩೬೦ ಪಿಕ್ಸೆಲ್‌ಗಳ ಚಲನೆಯನ್ನು ಅಷ್ಟೇ ಕಾಲದಲ್ಲಿ ಮುಗಿಸಬೇಕಾದರೆ ಹೆಜ್ಜೆಗಳೆಷ್ಟು? ಮೊದಲ ಹೆಜ್ಜೆಯ ಉದ್ದವೆಷ್ಟು?

೨. ಒಂದು ಬೆಜಿಯೆ ರೇಖೆಯ ಮೊದಲ ಬಿಂದು (೦.೨, ೦.೬). ಆರಂಭದ ವೇಗ ಸರಾಸರಿ ವೇಗದ ಎಷ್ಟರಷ್ಟು?

೩. ರಾಶಿ ೧, ಸ್ಪ್ರಿಂಗಿನ ಬಲಾಂಕ ೧೦೦ ಆದರೆ ಕ್ರಾಂತಿಕ ಅವಮಂದನದ ಅಂಕವೆಷ್ಟು? ಅದನ್ನು ಅರ್ಧಕ್ಕೆ ಇಳಿಸಿದರೆ ೩೬೦ ಪಿಕ್ಸೆಲ್ ದೂರ ಹೋಗತಕ್ಕ ವಿಂಡೋ ಗುರಿಯನ್ನು ಸುಮಾರು ಎಷ್ಟು ದಾಟುವುದು?

ಉತ್ತರಗಳು: ೧. ೨೪ ಹೆಜ್ಜೆಗಳು, ಒಂದೂಕಾಲು ಪಿಕ್ಸೆಲ್. ೨. ಮೂರರಷ್ಟು. ೩. ೨೦, ಸುಮಾರು ೫೯ ಪಿಕ್ಸೆಲ್.